ಬೆನ್ನು ತೋರಿಸಿದ ಸಿಪಾಯಿ

ಕ್ಯಾಮೆರಾ ಎಂಬ ವಸ್ತುವಿಗೆ ಮನುಷ್ಯರನ್ನು ಕಂಬವಾಗಿಸುವ ಶಕ್ತಿಯಿದೆ ಎಂಬುದನ್ನು ನೀವೂ ಗಮನಿಸಿರಬೇಕು. ಕಟ್ಟೆಯ ಮೇಲೆ ಕೂತು, ಒಬ್ಬರ ಬಾಯಿಂದ ಇನ್ನೊಬ್ಬರು ಮಾತು ಕಸಿದುಕೊಂಡು ಹರಟುತ್ತಿರುವ ನಾಲ್ಕು ಜನರ ಎದುರು ಅದನ್ನೊಮ್ಮೆ ಹಿಡಿದು ನೋಡಿ: ಮೊದಲು ಮಾತು ನಿಲ್ಲುತ್ತದೆ, ಆಮೇಲೆ ಕೈ ಅಂಗಿಯ ಮೇಲಿನ ಗುಂಡಿಯನ್ನು ಹುಡುಕಿಕೊಂಡು ಹೋಗುತ್ತದೆ, ಕಡೆಗೆ ಉಸಿರೂ ನಿಲ್ಲುತ್ತದೆ. ನಮ್ಮ ತಿರ್ಲಾಪುರದಲ್ಲಂತೂ, ಹತ್ತಿ ಬಿಡಿಸುತ್ತ ಇಡೀ ಹೊಲವನ್ನೇ ನಗಿಸಬಲ್ಲ ಹೆಣ್ಣುಮಕ್ಕಳು ಕ್ಯಾಮೆರಾ ಕಂಡೊಡನೆ ಸೆರಗು ಹೊದ್ದು, ಪಂಚರ ಮುಂದೆ ಸಾಕ್ಷಿ ಹೇಳಲು ಬಂದವರ ಮುಖ ಮಾಡಿಬಿಡುತ್ತಾರೆ. ಈಗ ಎಲ್ಲರ ಕಿಸೆಯಲ್ಲೂ ಫೋನಿದೆ, ದಿನಕ್ಕೆ ಹತ್ತು ಸಲ ತಮ್ಮನ್ನು ತಾವೇ ಹೊಡೆದುಕೊಳ್ಳುತ್ತಾರೆ ನಿಜ. ಆದರೆ ಇನ್ನೊಬ್ಬರು ಹೊಡೆಯುತ್ತೇನೆಂದರೆ ಹಳೆಯ ರೋಗ ಮರುಕಳಿಸುತ್ತದೆ.

'ಹೊಡೆಯುವುದು' ಎಂದೆ. ನಮ್ಮ ಕಡೆ ಫೋಟೋ ತೆಗೆಯುವುದು ಕಡಿಮೆ, ಹೊಡೆಯುವುದೇ ಹೆಚ್ಚು. ಹೀಗಾಗಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಫೌಜಿನಲ್ಲಿ ಛಾಯಾಗ್ರಾಹಕನಾಗಿದ್ದು ನಿವೃತ್ತನಾಗಿ ಬಂದ ನನ್ನನ್ನು ಚಹಾದಂಗಡಿಯಲ್ಲಿ ಯಾರಾದರೂ "ಮಿಲ್ಟ್ರಿ ಕಾಕಾ, ಗಡಿಯಾಗ ಎಷ್ಟ ಮಂದೀನ್ನ ಹೊಡದ್ರಿ?" ಎಂದು ಕೇಳಿದರೆ, "ಎಣಿಸಿಲ್ಲೋ ಮಾರಾಯ" ಎಂದು ಅಪ್ಪಟ ಸತ್ಯವನ್ನೇ ನುಡಿದು, ಅದರಿಂದ ಬರುವ ಅಪ್ಪಟ ಸುಳ್ಳು ಗೌರವವನ್ನು ಚಹಾದೊಂದಿಗೆ ಗುಟುಕರಿಸುತ್ತೇನೆ. ಬಂದೂಕು ಹಿಡಿಯುವುದನ್ನು ನನಗೂ ಕಲಿಸಿದ್ದರು. ಆದರೆ ಅದು ನನ್ನ ಕೈಯಲ್ಲಿ ಎಷ್ಟು ಅಲುಗುತ್ತಿತ್ತೆಂದರೆ, ದೇಶದ ಸುರಕ್ಷತೆಯ ದೃಷ್ಟಿಯಿಂದಲೇ ನನಗೆ ಕ್ಯಾಮೆರಾ ಕೊಟ್ಟರೇನೋ ಎಂಬ ಅನುಮಾನ ಇಂದಿಗೂ ಇದೆ.

ನಾನು ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಅಪ್ಪ ಕುರಿ ಕಾಯುತ್ತಿದ್ದ. ನಾನು ಕುರಿಗಳ ಹಿಂದೆಯೇ ಓಡಾಡಿ, ಬಸ್ಸಿನ ಹಿಂದೆ ಓಡಿ, ಕಡೆಗೆ ಬಿ.ಎ. ಎಂಬ ಎರಡಕ್ಷರವನ್ನು ಹಿಡಿದು ತಂದೆ. ಧಾರವಾಡದ ಸ್ಟುಡಿಯೋ ಒಂದರಲ್ಲಿ, ಪದವೀಧರರ ಕರಿ ನಿಲುವಂಗಿಯನ್ನು ಅಲ್ಲಿನ ಮೊಳೆಯಿಂದಲೇ ಇಳಿಸಿ ತೊಟ್ಟು, ಸುರುಳಿ ಸುತ್ತಿದ ಖಾಲಿ ಕಾಗದವನ್ನು ಕೈಯಲ್ಲಿ ಹಿಡಿದು ಹೊಡೆಸಿಕೊಂಡ ಫೋಟೋವನ್ನು ಅಪ್ಪನಿಗೆ ತೋರಿಸಿದಾಗ, ಅವನು ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. "ಕಂಬಳಿ ಛಲೋ ಐತಿ. ಆದ್ರ ತೆಳ್ಳಗಾತು. ಮಳ್ಯಾಗ ತಡ್ಯಾಂಗಿಲ್ಲ ಬಿಡು" ಎಂದ. ಆ ಮಾತಿನಲ್ಲಿದ್ದ ಭವಿಷ್ಯ ನನಗೆ ತಿಳಿದದ್ದು ಎರಡು ವರ್ಷ ಕೆಲಸ ಹುಡುಕಿ ಅಲೆದಾಗ. ಆಮೇಲೆ ಫೌಜು ಸೇರಿದೆ. ಅಲ್ಲಿ ಕೊಟ್ಟ ಕಂಬಳಿ ದಪ್ಪಗಿತ್ತು.

ಸೇರಿದ ಮೊದಲ ದಿನವೇ ಕನ್ನಡ ನನಗೆ ಕೈಕೊಟ್ಟಿತು. ಕವಾಯತಿನ ಮೈದಾನದಲ್ಲಿ ಹವಾಲ್ದಾರ "ಸಾವಧಾನ್!" ಎಂದು ಗರ್ಜಿಸಿದ. ನಮ್ಮವ್ವ ಪ್ರತಿದಿನ ಹೇಳುತ್ತಿದ್ದ ಮಾತು ಅದು: ಸಾವಧಾನ ಉಣ್ಣು, ಸಾವಧಾನ ಹೋಗು, ಅವಸರ ಮಾಡಬ್ಯಾಡ. ಇಷ್ಟು ದೂರದ ಊರಲ್ಲಿ ಇಷ್ಟು ಕಾಳಜಿಯ ಮನುಷ್ಯನಿದ್ದಾನಲ್ಲ ಎಂದು ನನ್ನ ಎದೆ ತುಂಬಿ ಬಂತು. ಮೊಣಕಾಲು ಸಡಿಲಿಸಿ, ಹೆಗಲು ಇಳಿಸಿ, ಸಾವಧಾನವಾಗಿ ಸುತ್ತಲೂ ಒಮ್ಮೆ ನೋಡಿದೆ. ಅಕ್ಕಪಕ್ಕದವರೆಲ್ಲ ಸೆಟೆದು ಕಂಬವಾಗಿದ್ದರು. ತಪ್ಪು ತಿಳಿಯುವಷ್ಟರಲ್ಲಿ ಬಂದೂಕನ್ನು ತಲೆಯ ಮೇಲೆತ್ತಿ ಮೈದಾನ ಸುತ್ತುವ ಆಜ್ಞೆ ಬಂದಿತ್ತು. ಸುತ್ತುತ್ತಲೇ ಯೋಚಿಸಿದೆ, ಏನಿದ್ದರೂ ನಾನು ಬಿ.ಎ. ಆದವನಲ್ಲವೆ: ಸ-ಅವಧಾನ, ಎಂದರೆ ಗಮನ ಸಹಿತವಾಗಿ. ಗಮನವಿಟ್ಟಿದ್ದಾನೆ ಎನ್ನಬೇಕಾದರೆ ಸೆಟೆದು ನಿಂತಿರಬೇಕು ಎಂದುಕೊಂಡವರು ಫೌಜಿನವರು; ಗಮನವಿಡಬೇಕಾದರೆ ಅವಸರ ಬಿಡಬೇಕು ಎಂದುಕೊಂಡವರು ನಮ್ಮವರು. ಬೇರು ಒಂದೇ, ಹಣ್ಣು ಬೇರೆ ಬೇರೆ.

ನನ್ನ ವೃತ್ತಿಯೂ ಹೀಗೆಯೇ ಎರಡಾಗಿ ಸೀಳಿಕೊಂಡಿತು. ಸರ್ಕಾರದ ಕ್ಯಾಮೆರಾದಲ್ಲಿ ಸೆಟೆದ ಲೋಕ: ಪದಕ ಪ್ರದಾನ, ಪಥಸಂಚಲನ, ಸಾಹೇಬರ ಭೇಟಿ, ಸಾಹೇಬರ ಮೇಮ್‌ಸಾಹೇಬರ ಭೇಟಿ, ಬಂಡೆಗೆ ಗುದ್ದಿದ ಲಾರಿಯ ಮೂತಿ. ನನ್ನ ಸ್ವಂತದ ಸಣ್ಣ ಕ್ಯಾಮೆರಾದಲ್ಲಿ ಸಡಿಲ ಲೋಕ. ದೇಶದ ನಾಲ್ಕು ದಿಕ್ಕಿಗೂ ವರ್ಗವಾಗಿ ಹೋದವನು, ಹಿಮಾಲಯವನ್ನು ಮನೆಯ ಹಿತ್ತಲಿನಷ್ಟು ಸಮೀಪದಿಂದ ನೋಡಿದವನು. ಆದರೆ ನಾನು ಹೊಡೆದ ಚಿತ್ರಗಳಲ್ಲಿ ಶಿಖರಗಳನ್ನು ಹುಡುಕಿದರೆ ನಿಮಗೆ ನಿರಾಸೆಯಾದೀತು. ಶಿಖರದ ಮುಂದೆ ಕಟ್ಟಿದ ಹಗ್ಗದಲ್ಲಿ ಒಣಗುತ್ತಿರುವ ಹದಿನಾರು ಕಾಲುಚೀಲಗಳಿವೆ. ರೈಲ್ವೆ ನಿಲ್ದಾಣದಲ್ಲಿ ಟ್ರಂಕಿನ ಮೇಲೆ ಕೂತು, ಪಾರ್ಸೆಲ್ ಬಟ್ಟೆಯನ್ನು ದಬ್ಬಣದಿಂದ ಹೊಲಿಯುತ್ತಿರುವ ಮೀಸೆಯ ಸುಬೇದಾರನಿದ್ದಾನೆ. ಹೆಂಡತಿಗೆ ಹೇಳಲಾಗದ್ದನ್ನು ಹೇಸರಗತ್ತೆಯ ಕಿವಿಯಲ್ಲಿ ಹೇಳುತ್ತಿರುವ ಕೇರಳದವನಿದ್ದಾನೆ. ಇವೆಲ್ಲ ಗುಟ್ಟೇನಲ್ಲ, ಶತ್ರುಗಳ ಕೈಗೆ ಸಿಕ್ಕರೂ ಅವರು ತಮ್ಮ ಕಾಲುಚೀಲ ನೆನಪಾಗಿ ನಿಟ್ಟುಸಿರು ಬಿಡುವುದರ ಹೊರತು ಇನ್ನೇನೂ ಮಾಡಲಾರರು.

ಈ ಸಡಿಲ ಚಿತ್ರಗಳಿಂದ ಯಾರಿಗಾದರೂ ಉಪಯೋಗವಾದೀತೆಂದು ನಾನು ಎಣಿಸಿರಲಿಲ್ಲ. ಈ ಬೇಸಿಗೆಯ ಒಂದು ಮುಂಜಾನೆ ಮೊರಬದಿಂದ ನೀಲವ್ವ ಬಂದಳು.

ನೀಲವ್ವ ಈರಣ್ಣನ ತಾಯಿ. ಈರಣ್ಣ ನಮ್ಮ ಘಟಕದಲ್ಲೇ ಲಾರಿ ಓಡಿಸುತ್ತಿದ್ದ ಹುಡುಗ. ನಾನು ನಿವೃತ್ತನಾದೆ, ಅವನಿನ್ನೂ ಮೇಲೆ ಬೆಟ್ಟಗಳಲ್ಲಿದ್ದಾನೆ. ಹುಡುಗ ಎಂದೆನಾದರೂ ಮೂವತ್ಮೂರು ದಾಟಿದೆ, ಮದುವೆಯಾಗದಿದ್ದವರನ್ನು ಹಾಗೆನ್ನುವುದು ರೂಢಿ. ನನ್ನ ಹೆಂಡತಿ ಕೊಟ್ಟ ನೀರನ್ನೂ ಕುಡಿಯದೆ, ನೀಲವ್ವ ಜಂಪರಿನ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಒಂದು ಫೋಟೋ ಬಿಚ್ಚಿ ನನ್ನ ಮುಂದೆ ಹಿಡಿದಳು.

"ಇದನ್ನ ಹೊಡದಾವ್ರು ನೀವ ಅಲ್ರಿ?"

"ಹೌದ್ರಿ ಅಕ್ಕಾರ."

"ಹೊಡದ್ರಿ, ಹೊಡದ್ರಿ. ನನ್ನ ಮಗನ್ನ ಪೂರಾ ಹೊಡದ ಹಾಕಿದ್ರಿ!"

ಈರಣ್ಣನ ಸಮವಸ್ತ್ರದ ಭಾವಚಿತ್ರ ಅದು, ಕಡತಕ್ಕೆಂದು ತೆಗೆದದ್ದು. ಗದ್ದ ಎತ್ತಿ, ಕಣ್ಣು ನೆಟ್ಟು, ತುಟಿ ಬಿಗಿದು ನಿಂತಿದ್ದ. ಬೆಳಕು, ನೆರಳು, ಗುಂಡಿಗಳ ಹೊಳಪು, ಒಂದರಲ್ಲೂ ತಪ್ಪಿಲ್ಲದ ಚಿತ್ರ. ನನಗೆ ನೆನಪಿದೆ: ಅವನು ಏನೋ ನೆನೆದು ನಗಹೋದಾಗ ನಾನೇ, "ಬಾಯಿ ಮುಚ್ಚಲೇ, ಹಲ್ಲು ಸರ್ಕಾರದ ದಾಖಲೆ ಅಲ್ಲ" ಎಂದು ಗದರಿಸಿದ್ದೆ.

ಆ ದಾಖಲೆ ಈಗ ಕುಂದಗೋಳ ತಾಲೂಕಿನ ಕುಬಿಹಾಳಕ್ಕೆ ಹೋಗಿ ಬಂದಿತ್ತು. ಅಲ್ಲಿ ಶೈಲಾ ಎಂಬ ಹುಡುಗಿ. ಒಕ್ಕಲುತನದ ಮನೆಯಲ್ಲಿ ಡಿಗ್ರಿ ಕಂಡ ಮೊದಲನೆಯವಳು, ಶಾಲೆಯಲ್ಲಿ ವಿಜ್ಞಾನ ಕಲಿಸುವಾಕೆ. ಈರಣ್ಣ ಹಿಂದಿನ ರಜೆಯಲ್ಲಿ ನೆಂಟರ ಮನೆಯ ವಾಸ್ತುಶಾಂತಿಗೆ ಹೋದಾಗ ಅವಳನ್ನು ದೂರದಿಂದ ನೋಡಿ, ಮಾತಾಡುವ ಧೈರ್ಯ ಬರದೆ, ಬೆಟ್ಟ ಹತ್ತಿದ ಮೇಲೆ ತಾಯಿಗೆ ಫೋನು ಮಾಡಿ ಹೇಳಿಕೊಂಡಿದ್ದ. ತಾಯಿ ಫೋಟೋ ಕಳಿಸಿದ್ದಳು.

"ಫೋಟೋ ನೋಡಿ ಆಕಿ ಏನಂದ್ಲ ಗೊತ್ತೈತೇನ್ರಿ? 'ಅಪ್ಪಾ, ಇವರ್ನ ಮನ್ಯಾಗ ಇಟಗೋಬೇಕೋ, ಬಾಗಲದಾಗ ನಿಂದರಸ್ಬೇಕೋ' ಅಂದಳಂತ."

ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ನಾನು ಗಂಭೀರವಾಗಿ, "ಫೋನಿನ್ಯಾಗ ಮಾರಿ ನೋಡಿ ಮಾತಾಡಸ್ಬೇಕಿತ್ತಲ್ರಿ" ಎಂದೆ.

"ಅದೂ ಆತು! ಎದ್ದ ನಿಂತ ಮಾತಾಡಿದ, ಭಾಡ್ಯಾ. ಆಕಿ ಪಾಪ 'ಊಟ ಆತೇನ್ರಿ' ಅಂದ್ರ, 'ಹೋ ಗಯಾ ಸರ್' ಅಂದ!"

ನೀಲವ್ವ ಆಗ ನೀರು ಕುಡಿದಳು. ಆಮೇಲೆ ದನಿ ಇಳಿಸಿದಳು. ಹಿಂದೆ ಎರಡು ಸಂಬಂಧ ಹೀಗೆಯೇ ತಪ್ಪಿದ್ದವು. ಅವಕ್ಕೆ ಅವನು ಬೇಜಾರು ಮಾಡಿಕೊಂಡಿರಲಿಲ್ಲ. ಈ ಹುಡುಗಿಯನ್ನು ಮಾತ್ರ ತಾನಾಗಿ ಮೆಚ್ಚಿದ್ದ. ರಜೆ ಸಿಗಲು ಇನ್ನೂ ಎರಡು ತಿಂಗಳು, ಸದ್ಯಕ್ಕೆ ಅವನು ಫೋನೂ ಸಿಗದ ಮೇಲಿನ ಕಣಿವೆಯಲ್ಲಿದ್ದ. ಕುಬಿಹಾಳದವರ ಮುಂದೆ ಇನ್ನೊಂದು ಸಂಬಂಧ ಬಂದು ಕೂತಿತ್ತು. ಹುಡುಗಿಯ ತಂದೆ ಒಳ್ಳೆಯ ಮನುಷ್ಯ, "ಸೋಮವಾರ ಅವರಿಗೆ ಮಾತ ಕೊಡಬೇಕ್ರಿ. ಅದರೊಳಗ ಮನಶ್ಯಾನಂಗ ಕಾಣೂ ಫೋಟೋ ಒಂದಿದ್ರ ತರ್ರಿ" ಎಂದು ಕಳಿಸಿದ್ದ.

"ನೀವ ಕೆಡಿಸೀರಿ, ನೀವ ನೆಟ್ಟಗ ಮಾಡ್ರಿ," ಎಂದಳು ನೀಲವ್ವ. ಅದು ಗುರುವಾರ.

ಹಿಂದೆ ಎಷ್ಟೋ ಸಾಹೇಬರು ನನಗೆ ಆಜ್ಞೆ ಕೊಟ್ಟಿದ್ದಾರೆ. ಇಷ್ಟು ನ್ಯಾಯವಾದ ಆಜ್ಞೆಯನ್ನು ಯಾರೂ ಕೊಟ್ಟಿರಲಿಲ್ಲ. ನೀಲವ್ವನನ್ನು ಊಟಕ್ಕೆ ಕೂರಿಸಿ, ಕಂಪ್ಯೂಟರಿನ ಮುಂದೆ ಕೂತು ಹುಡುಕಿದೆ. ಈರಣ್ಣ ಹೆಜ್ಜೆ ಹೆಜ್ಜೆಗೂ ಸಿಕ್ಕ. ಲಾರಿಯ ಬಾಜು ಈರಣ್ಣ, ಧ್ವಜದ ಬಾಜು ಈರಣ್ಣ, ಕ್ರೀಡಾಕೂಟದಲ್ಲಿ ಬಹುಮಾನದ ಕುಕ್ಕರಿನ ಬಾಜು ಈರಣ್ಣ. ಎಲ್ಲದರಲ್ಲೂ ಕಂಬವೇ, ಕುಕ್ಕರೇ ಅವನಿಗಿಂತ ಜೀವಂತವಾಗಿ ಕಾಣುತ್ತಿತ್ತು. ಘಟಕದಲ್ಲೆಲ್ಲ ಅತಿ ಹೆಚ್ಚು ನಗಿಸುತ್ತಿದ್ದವನು ಅವನೇ. ಆದರೆ ನಾನು ಕ್ಯಾಮೆರಾ ಎತ್ತಿದ ಕ್ಷಣ ಅವನಿಗೆ ನನ್ನ ಗದರಿಕೆ ನೆನಪಾಗುತ್ತಿತ್ತೇನೋ.

ಮರುದಿನ ಒಂದು ಅಡ್ಡದಾರಿಯನ್ನೂ ಹಿಡಿದೆ, ಮುಚ್ಚಿಡುವುದೇಕೆ. ನವಲಗುಂದದ ಸ್ಟುಡಿಯೋದವನ ಬಳಿ ಈಗ ಮುಖಗಳನ್ನು ನಗಿಸುವ ಯಂತ್ರವಿದ್ಯೆ ಬಂದಿದೆ. "ಎಷ್ಟ ನಗಸ್ಬೇಕು ಹೇಳ್ರಿ ಸರ, ತುಟಿ ಅಷ್ಟ ಸಾಕೋ, ಹಲ್ಲೂ ಕಾಣ್ಬೇಕೋ?" ಎಂದು ದರ್ಜಿ ಅಳತೆ ಕೇಳಿದಂತೆ ಕೇಳಿದ. ನಿಮಿಷದಲ್ಲಿ ನನ್ನ ಇಡೀ ವೃತ್ತಿಜೀವನದಿಂದ ಆಗದ್ದನ್ನು ಮಾಡಿ ಮುಗಿಸಿದ. ಚುನಾವಣೆಯ ಬ್ಯಾನರಿನಲ್ಲಿ 'ನಿಮ್ಮ ಮನೆ ಮಗ' ಎಂದು ಕೈಮುಗಿಯುವವರ ನಗೆ ಅದು. ನನಗೆ ಹೇಸಿಕೆಯಾಯಿತು, ಆದರೂ ತೆಗೆದುಕೊಂಡು ಮೊರಬಕ್ಕೆ ಹೋದೆ. ಸೋಮವಾರ ಹತ್ತಿರ ಬರುತ್ತಿತ್ತಲ್ಲ.

ನೀಲವ್ವ ಅರಳಿದಳು. "ಅಗದಿ ಛಲೋ ಬಂದೈತಿ ನೋಡ್ರಿ! ಇದನ್ನ ಮೊದಲ ಯಾಕ ಹೊಡೀಲಿಲ್ರಿ?" ಆಮೇಲೆ ಫೋಟೋವನ್ನು ಬಾಗಿಲ ಬೆಳಕಿಗೆ ಒಯ್ದಳು. ಹಣೆ, ಮೂಗು, ತುಟಿ ಎಂದು ಬೆರಳಾಡಿಸುತ್ತ ಬಂದು ಬಾಯಿಯ ಹತ್ತಿರ ನಿಂತಳು.

"ತಮ್ಮಾ, ಇಂವಗ ಮುಂದಿನ ಹಲ್ಲ ಒಂದ ಚೂರು ಮುರದೈತಿ. ಸಣ್ಣಾಂವ ಇದ್ದಾಗ ಚಕ್ಕಡಿ ಮ್ಯಾಲಿಂದ ಬಿದ್ದಿದ್ದ. ಇದರಾಗ ಎಲ್ಲಾ ನೆಟ್ಟಗದಾವಲ್ಲ." ಫೋಟೋ ಮಡಿಲಿಗೆ ಇಳಿಯಿತು. "ಇಂವ ಯಾರ್ರಿ?"

ಯಂತ್ರಕ್ಕೆ ಆ ಹಲ್ಲು ಗೊತ್ತಿಲ್ಲದ್ದು ಕ್ಷಮ್ಯ. ಅವನ ಜೊತೆ ವರ್ಷಗಟ್ಟಲೆ ಕಳೆದ, ನೋಡುವುದನ್ನೇ ಕೆಲಸ ಮಾಡಿಕೊಂಡ ನನಗೂ ಗೊತ್ತಿರಲಿಲ್ಲ. ಬಾಯಿ ಮುಚ್ಚಿಸಿದವನಿಗೆ ಹಲ್ಲು ಕಾಣುವುದು ಹೇಗೆ?

ಶನಿವಾರ ಮತ್ತೆ ಹುಡುಕಲು ಕೂತೆ. ಈ ಸಲ ಅವಸರ ಬಿಟ್ಟು, ಕೆಟ್ಟವೆಂದು ಬದಿಗೆ ಸರಿಸಿದ ಚಿತ್ರಗಳನ್ನೇ ನೋಡುತ್ತ ಹೋದೆ. ಅಲ್ಲಿ ಸಿಕ್ಕಿತು. ಎತ್ತರದ ಕಣಿವೆಯಲ್ಲಿ ಹಿಮ ಕುಸಿದು ದಾರಿ ಕಟ್ಟಿದ್ದ ಒಂದು ಮಧ್ಯಾಹ್ನ. ಸಾಲು ನಿಂತ ಲಾರಿಗಳು. ಲಾರಿಯ ಮರೆಯಲ್ಲಿ ಸ್ಟೋವು. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಊರಿಂದ ಟ್ರಂಕಿನಲ್ಲಿ ಹೊತ್ತು ತಂದ ಜೋಳದ ಹಿಟ್ಟಿನಿಂದ ಬೋರಲು ಹಾಕಿದ ತಾಟಿನ ಮೇಲೆ ರೊಟ್ಟಿ ಬಡಿಯುತ್ತಿರುವ ಈರಣ್ಣ. ಸುತ್ತ ಆರು ಜನ, ಪಂಜಾಬಿನವನು, ಅಸ್ಸಾಮಿನವನು, ತಮಿಳುನಾಡಿನವನು, ಹೊಟ್ಟೆ ಹಿಡಿದುಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದಾರೆ, ಎಲ್ಲರ ಕಣ್ಣೂ ಅವನ ಮೇಲೆಯೇ. ಅವನು ಆಗಷ್ಟೇ ಏನೋ ಹೇಳಿದ್ದಾನೆ. ಒಂದೇ ದೋಷ: ಅವನು ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತಿದ್ದ. ಕಾಣುವುದು ಅಗಲವಾದ ಬೆನ್ನು, ಹಿಟ್ಟು ಮೆತ್ತಿದ ಒಂದು ಕಿವಿ, ಬದಿಗೆ ಬೇಯಿಸಿಟ್ಟ ನಾಲ್ಕು ರೊಟ್ಟಿ, ಅಷ್ಟೆ.

ಭಾನುವಾರ ಮುಂಜಾನೆ ನೀಲವ್ವನ ಕೈಗೆ ಅದರ ಪ್ರತಿ ಕೊಟ್ಟಾಗ ಅವಳ ಕಣ್ಣು ಮೊದಲು ಆ ಕಿವಿಯನ್ನು ಸವರಿತು. ಮರುಕ್ಷಣ ಸಿಟ್ಟು ಬಂತು.

"ಬೆನ್ನ ತೋರ್ಸಿ ಹೆಣ್ಣ ಕೇಳೂದೇನ್ರಿ? ಅದೂ ಸಿಪಾಯಿ ಆದಾಂವ? ಮ್ಯಾಲೆ ರೊಟ್ಟಿ ಬಡ್ಯಾಕತ್ತಾನ! ಬೀಗರಿಗೆ ಮಾರಿ ಹೆಂಗ ತೋರಸ್ಲಿ?"

"ಅಂವ ಹೆಂಗೂ ತೋರ್ಸಿಲ್ಲ, ನೀವಾದ್ರೂ ತೋರಸ್ರಿ ಅಕ್ಕಾರ. ಬರ್ರಿ, ಹೋಗೂಣು."

ಹುಬ್ಬಳ್ಳಿಯವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಕಿಟಕಿಯಾಚೆ ಉತ್ತು ಬಿಟ್ಟ ಎರೆಹೊಲಗಳು ಬಿರುಕು ಬಿಟ್ಟು ಮಲಗಿದ್ದವು. ದಾರಿಯುದ್ದಕ್ಕೂ ನೀಲವ್ವ ಫೋಟೋವನ್ನು ಬಿಚ್ಚುವುದು, ಮುಚ್ಚುವುದು ಮಾಡುತ್ತಿದ್ದಳು. ನಾನು, ದಳಪತಿಗಳ ಮುಂದೆ ಕೆಲಸ ಒಪ್ಪಿಸುವಾಗ ಅಂಜದವನು, ಒಬ್ಬ ಶಾಲಾ ಮಾಸ್ತರಣಿಗೆ ಅಂಜಿಕೊಂಡು ಕೂತಿದ್ದೆ.

ಕುಬಿಹಾಳದ ಮನೆಯಲ್ಲಿ ಉಪ್ಪಿಟ್ಟು, ಚಹಾ ಆದವು. ತಂದೆ ಫೋಟೋ ನೋಡಿ, ಏನೂ ತೋಚದೆ ತಿರುಗಿಸಿ ಹಿಂಬದಿಯನ್ನೂ ನೋಡಿದ. ಬಹುಶಃ ಮುಖ ಅಲ್ಲಿರಬಹುದೆಂದು. ನಂತರ ಅದನ್ನು ಮಗಳ ಕೈಗೆ ಕೊಟ್ಟ. ಶೈಲಾ ಕಂಬಕ್ಕೆ ಆತು ನಿಂತು ಸಾವಕಾಶ ನೋಡಿದಳು.

"ರೊಟ್ಟಿ ದಂಡಿ ಹರದಾವು," ಎಂದಳು ಶೈಲಾ.

"ಅಂವಗ ದಿನಾ ರೂಢಿ ಇಲ್ಲವ್ವಾ," ಎಂದಳು ನೀಲವ್ವ ಗಾಬರಿಯಿಂದ, ಅದು ಸಮರ್ಥನೆಯೋ ಕ್ಷಮೆಯೋ ಅವಳಿಗೇ ತಿಳಿದಿರಲಿಕ್ಕಿಲ್ಲ.

"ತಪ್ಪು ಅವರದಲ್ರಿ. ಅಷ್ಟ ಎತ್ತರದಾಗ ನೀರು ಲಗೂನ ಕುದೀತಾವು, ಆದ್ರ ಬಿಸಿ ಸಾಲಾಂಗಿಲ್ಲ. ಹಿಟ್ಟಿಗೆ ಜಿಗಿ ಬರಾಂಗಿಲ್ಲ. ನಾ ಇದನ್ನ ಮಕ್ಕಳಿಗೆ ಬೋರ್ಡಿನ ಮ್ಯಾಲೆ ಬರದ ಹೇಳ್ತೀನಿ, ಕಣ್ಲೆ ನೋಡಿದ್ದಿಲ್ಲ." ಮತ್ತೆ ಚಿತ್ರವನ್ನು ನೋಡಿದಳು. "ಫೋಟೋ ಒಂಚೂರ ಅಲಗೇತಿ. ನೀವೂ ನಗಾಕತ್ತಿದ್ರೇನ್ರಿ, ಕಾಕಾ?"

ಹಿಮದಲ್ಲಿ ಕೈ ನಡುಗಿ ಹಾಗಾಗಿರಬೇಕೆಂದು ನಾನು ತಿಳಿದಿದ್ದೆ. ಆದ್ದರಿಂದಲೇ ಅದು ಕೆಟ್ಟವುಗಳ ರಾಶಿ ಸೇರಿತ್ತು. ನಗೆಯಿಂದಲೂ ಕೈ ಅಲುಗಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. "ನಕ್ಕಿರಬೇಕವ್ವಾ" ಎಂದೆ.

"ಹಂಗಾರ ಹೇಳ್ರಿ, ಇವರು ಏನಂದಿದ್ರು? ಆರೂ ಮಂದಿ ಹಿಂಗ ನಗಾಕತ್ತಾರಲ್ಲ."

ನೀಲವ್ವ ನನ್ನನ್ನು ನೋಡಿದಳು. ಆ ನೋಟದಲ್ಲಿ ಏನಾದರೂ ಒಂದು ಹೇಳಿಬಿಡು ಎಂಬ ಬೇಡಿಕೆಯಿತ್ತು. ಈರಣ್ಣನ ಹತ್ತು ನಗೆಹನಿಗಳು ನನಗೆ ಗೊತ್ತು, ಒಂದನ್ನು ಅಲ್ಲಿ ಅಂಟಿಸುವುದು ಕಷ್ಟವಿರಲಿಲ್ಲ. ಆದರೆ ಸ್ಟುಡಿಯೋದವನು ಅಂಟಿಸಿದ ಹಲ್ಲುಗಳೂ ಹೀಗೆಯೇ ಅಲ್ಲವೆ, ಸಾಲಾಗಿ, ಸುಲಭವಾಗಿ ಬಂದದ್ದು? ಆ ಮಧ್ಯಾಹ್ನ ನಾನು ಬೆಳಕು ನೋಡುತ್ತಿದ್ದೆ, ಚೌಕಟ್ಟು ನೋಡುತ್ತಿದ್ದೆ. ಕಣ್ಣನ್ನೇ ಸಾಕಿ, ಕಿವಿಯನ್ನು ಉಪವಾಸ ಕೆಡವಿದ ಕಸುಬು ನನ್ನದು.

"ನೆನಪಿಲ್ಲವ್ವಾ," ಎಂದೆ. "ಬಾಜೂಕ ಇದ್ದೆ. ಕೇಳೂದು ಬಿಟ್ಟು ಹೊಡಕೋತ ನಿಂತಿದ್ದೆ."

ನೀಲವ್ವನ ಮುಖ ಇಳಿದುಹೋಯಿತು. ಶೈಲಾ ಚಿತ್ರವನ್ನು ಮರಳಿ ಕೊಡಲಿಲ್ಲ.

"ಹಂಗಾರ ಅವರನ್ನ ಕೇಳಬೇಕಾತಲ್ಲ," ಎಂದಳು, ತಂದೆಯ ಕಡೆ ನೋಡಿ. "ಅಪ್ಪಾ, ನಾಳಿ ಆ ಮಂದಿಗೆ ಮಾತ ಕೊಡೂದ ಬ್ಯಾಡ. ಕಾಕಾ, ಅವರಿಗೆ ಫೋನ್ ಹಚ್ಚಾಕ ಹೇಳ್ರಿ. ಆದ್ರ ಮಾರಿ ತೋರಸೂದ ಬ್ಯಾಡ. ಮಾರಿ ತೋರಸೂದಂದ್ರ ಎದ್ದ ನಿಂದರ್ತಾರ. ಕುಂತಗೊಂಡು ಮಾತಾಡ್ಲಿ."

ಬರುವಾಗ ಬಸ್ಸಿನಲ್ಲಿ ನೀಲವ್ವ ಖಾಲಿಯಾದ ಜಂಪರಿನ ಬಟ್ಟೆಯನ್ನು ಮಡಿಸುತ್ತ, ಬಿಚ್ಚುತ್ತ ಕೂತಳು. ಹುಬ್ಬಳ್ಳಿ ಬಂದಮೇಲೆ, "ರೊಟ್ಟಿ ಬಡ್ಯಾಕ ಅಂವಗ ಯಾರ ಕಲಿಸಿದ್ರೋ ಏನೋ. ನಾ ಅಂತೂ ಕಲಿಸಿಲ್ಲ" ಎಂದಳು. ಆಮೇಲೆ, "ನೋಡಕೋತ ಕುಂದರ್ತಿದ್ದ, ಸಣ್ಣಾಂವ ಇದ್ದಾಗ" ಎಂದು ತನಗೆ ತಾನೇ ಸೇರಿಸಿದಳು.

ಈರಣ್ಣ ಶೈಲಾಳಿಗೆ ಫೋನು ಮಾಡಿದ್ದು ಮೂರು ದಿನ ಬಿಟ್ಟು, ಕಣಿವೆಯಿಂದ ಕೆಳಗೆ ಲಾರಿ ತಂದಾಗ. ಬಹಳ ಹೊತ್ತು ಮಾತಾಡಿದರಂತೆ. ಒಳಕೋಣೆಯಿಂದ ಮಗಳು ನಗುವುದು ಕೇಳಿ ತಂದೆ ಎರಡು ಸಲ ಎದ್ದುಹೋಗಿ ಬಾಗಿಲಲ್ಲಿ ನಿಂತು ಬಂದನಂತೆ. ರಜೆಗೆ ಬಂದ ಕೂಡಲೇ ಮಾತುಕತೆಗೆ ಕೂರುವುದೆಂದು ನಿಶ್ಚಯವಾಗಿದೆ. ಇನ್ನೊಂದು ಸಂಬಂಧದವರಿಗೆ ತಿಳಿಸಿದ್ದಾರೆ. ಇದನ್ನೆಲ್ಲ ನೀಲವ್ವ ಹೇಳಿದ್ದು, ಅವಳಿಗೆ ಕುಬಿಹಾಳದವರು ಹೇಳಿದ್ದು.

ಮುಂದಿನ ಭಾನುವಾರ ಈರಣ್ಣ ನನಗೂ ಫೋನು ಮಾಡಿದ. ಧನ್ಯವಾದ, ನಮಸ್ಕಾರ, ಎಲ್ಲ ಮುಗಿದ ಮೇಲೆ ತಡೆಯದೆ ಕೇಳಿಯೇಬಿಟ್ಟೆ: "ಅಲ್ಲಪಾ ಈರಣ್ಣ, ಅವತ್ತ ರೊಟ್ಟಿ ಬಡಿಯೂ ಮುಂದ ನೀ ಏನಂದಿದ್ದಿ?"

ಆ ಕಡೆಯಿಂದ ಗಾಳಿಯ ಸದ್ದು. ಆಮೇಲೆ ನಗು.

"ಅದನ್ನ ಆಕಿಗೆ ಹೇಳೀನ್ರಿ ಸರ. ಮತ್ತ್ಯಾರಿಗೂ ಹೇಳಬ್ಯಾಡ ಅಂದಾಳ."